ಹೋಗಿ ಬಾ ಅಂದ ಇನ್ನೊಂದು ಮನೆ

ಅಂಚೆ ಡಬ್ಬಿಯ ಮೇಲೆ ಮನೆಯವರ ಹೆಸರಿತ್ತು. ಅದರ ಕೆಳಗೆ ಒಂದು ಬಿಳಿ ಟೇಪು, ಟೇಪಿನ ಮೇಲೆ ಕಪ್ಪು ಮಾರ್ಕರಿನಲ್ಲಿ ನನ್ನ ಹೆಸರು. ಕಟಕಾನಾ ಲಿಪಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಕಾಪಿ ಪುಸ್ತಕದಲ್ಲಿ ಬರೆದ ಹಾಗೆ. ಟೇಪಿನ ನಾಲ್ಕೂ ಮೂಲೆಗಳನ್ನು ಕತ್ತರಿಯಲ್ಲಿ ಗುಂಡಗೆ ಮಾಡಿದ್ದರು, ಮಳೆಗೆ ಅಂಚು ಏಳದಿರಲಿ ಅಂತ.

ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಜಪಾನಿನಲ್ಲಿ ಅಂಚೆಯವರು ಕಾಗದ ವಾಪಸ್ ತೆಗೆದುಕೊಂಡು ಹೋಗುವುದುಂಟು, ಅದಕ್ಕೇ ಅಂಟಿಸಿದ್ದು ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಕ್ಷಣಕ್ಕೆ ನನಗೆ ಕಾರಣ ಬೇಕಿರಲಿಲ್ಲ. ನಾನು ಇನ್ನೂ ಒಳಗೇ ಕಾಲಿಟ್ಟಿಲ್ಲ, ನನ್ನ ಹೆಸರು ಆಗಲೇ ಆ ಮನೆಗೆ ಬಂದು ಕೂತಿತ್ತು.

2018ರ ಸೆಪ್ಟೆಂಬರ್ 29, ಶನಿವಾರ. ಊರು ಕ್ಯೋಟೋ. ಅದರ ಉತ್ತರಕ್ಕೆ, ಸಕ್ಯೋ ವಾರ್ಡಿನ ಇಚಿಜೋಜಿ ಹತ್ತಿರದ ಒಂದು ಗಲ್ಲಿ. ಮೋಡ ಇಲ್ಲದಿದ್ದರೆ ಅಲ್ಲಿಂದ ಹಿಯೇ ಬೆಟ್ಟ ಕಾಣುತ್ತದೆ, ಅವತ್ತು ಕಾಣಲಿಲ್ಲ. ನಾನು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯವಳು, ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಾ ಪಕ್ಕದಲ್ಲಿ ಜಪಾನೀಸ್ ಕಲಿತವಳು, ಒಂದು ವರ್ಷದ ಓದಿಗೆ ಅಂತ ಬಂದಿದ್ದೆ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಮಲಗಿಸಿ, ಮಧ್ಯಾಹ್ನ ಎರಡು ಗಂಟೆಗೆ ನಮ್ಮನ್ನು ಒಬ್ಬೊಬ್ಬರಾಗಿ ಒಂದೊಂದು ಹೋಸ್ಟ್ ಫ್ಯಾಮಿಲಿಗೆ ಒಪ್ಪಿಸಿದರು. ಒಪ್ಪಿಸಿದರು ಅನ್ನುವುದೇ ಸರಿಯಾದ ಮಾತು. ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸಿದ ಹಾಗೇ ಇತ್ತು, ಎರಡೂ ಕಡೆಯವರು ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾ.

ನನ್ನನ್ನು ಕರೆದುಕೊಂಡು ಹೋಗಲು ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಇಬ್ಬರಿಗೂ ಅರವತ್ತರ ಮೇಲೆ. ಮಗಳಿಗೆ ಮದುವೆಯಾಗಿ ನಗೋಯಾದಲ್ಲಿದ್ದಾಳೆ, ಅವಳ ಕೋಣೆ ನನಗೆ. ಅವರನ್ನು ಒಕಾಸಾನ್, ಒತೋಸಾನ್ ಅಂತ ಕರೆಯಬೇಕು ಅಂತ ಕಾಲೇಜಿನವರು ಹೇಳಿಕೊಟ್ಟಿದ್ದರು. ಅಂದರೆ ಅಮ್ಮ, ಅಪ್ಪ. ನನ್ನ ಜೊತೆ ಬಂದಿದ್ದ ಜರ್ಮನಿಯ ಹುಡುಗಿಗೆ ಅದು ತುಂಬಾ ಕಷ್ಟವಾಗಿತ್ತು, ನನ್ನ ಅಮ್ಮ ಒಬ್ಬಳೇ ಅಲ್ವಾ ಅಂದಿದ್ದಳು. ನನಗೆ ಹಾಗೆ ಅನಿಸಲೇ ಇಲ್ಲ. ನಮ್ಮಲ್ಲಿ ತರಕಾರಿ ಮಾರುವವರಿಗೂ ಅಮ್ಮಾ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅಮ್ಮಾ. ಆ ಮಾತು ನಮ್ಮ ಬಾಯಿಗೆ ಸಲೀಸು. ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ ಈಗ, ಇಡೀ ದಿನ ನಡೆದ ಆ ಸಂಗತಿ.

ಬಾಗಿಲು ತೆಗೆದರೆ ಗೆಂಕನ್. ಹೊಸಿಲಿನ ಒಳಗಿನ ಒಂದು ತಗ್ಗು ಜಾಗ, ಶೂ ಬಿಚ್ಚಿ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹತ್ತಬೇಕು. ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ನಾನು ಹತ್ತಿದ ಮೇಲೆ ಒತೋಸಾನ್ ಬಗ್ಗಿ ನನ್ನ ಶೂಗಳನ್ನು ತಿರುಗಿಸಿ ಇಟ್ಟರು, ಮುಂಭಾಗ ಬಾಗಿಲ ಕಡೆಗೆ ಬರುವ ಹಾಗೆ. ವಯಸ್ಸಾದವರು ನನ್ನ ಶೂ ಮುಟ್ಟಿದರಲ್ಲ ಅಂತ ನನಗೆ ಮೈಯೆಲ್ಲಾ ಬೆಂಕಿ. ಅವರು ಸುಮ್ನೆ ನಕ್ಕರು. ಹೊರಗೆ ಹೋಗುವಾಗ ಸುಲಭ ಅಂದರು.

ನಾನು ತಂದ ಉಡುಗೊರೆ ಕೊಟ್ಟೆ. ಚನ್ನಪಟ್ಟಣದ ಒಂದು ಗೊಂಬೆ, ಕಾಫಿ ಪುಡಿ, ಮೈಸೂರು ಸ್ಯಾಂಡಲ್ ಸೋಪಿನ ಒಂದು ಡಬ್ಬಿ. ಎದುರಿಗೇ ಬಿಚ್ಚಿ ನೋಡುತ್ತಾರೆ ಅಂದುಕೊಂಡಿದ್ದೆ. ಒಕಾಸಾನ್ ಎರಡೂ ಕೈಯಲ್ಲಿ ತೆಗೆದುಕೊಂಡು ಸೀದಾ ಪಕ್ಕದ ಕೋಣೆಗೆ ಹೋದರು. ಅಲ್ಲಿ ಗೋಡೆಗೆ ಸೇರಿಸಿ ಕಪ್ಪು ಮರದ ಒಂದು ಗೂಡು, ಬುತ್ಸುದಾನ್ ಅನ್ನುತ್ತಾರೆ, ತೀರಿಹೋದ ಹಿರಿಯರನ್ನು ನೆನೆಯುವ ಜಾಗ. ಒಳಗೆ ಅವರ ತಾಯಿಯ ಫೋಟೋ. ಮುಂದೆ ಒಂದು ಪುಟ್ಟ ಬಟ್ಟಲಲ್ಲಿ ಅನ್ನ, ಒಂದು ಲೋಟ ನೀರು. ಸೋಪಿನ ಡಬ್ಬಿಯನ್ನು ಫೋಟೋದ ಎದುರಿಗಿಟ್ಟು, ಪಕ್ಕದಲ್ಲಿದ್ದ ಹಿತ್ತಾಳೆಯ ಬಟ್ಟಲಿನಂಥ ಗಂಟೆಗೆ ಒಂದು ಸಣ್ಣ ಕೋಲಿನಿಂದ ಮುಟ್ಟಿಸಿದರು. ಆ ದನಿ ತುಂಬಾ ಹೊತ್ತು ನಿಂತಿತ್ತು. ಅದು ಪೂರ್ತಿ ಆರುವ ತನಕ ಕೈ ಮುಗಿದೇ ಇದ್ದರು.

ನಮ್ಮ ಮನೆಯಲ್ಲಿ ತೋಟದ ಮೊದಲ ಬಾಳೆಗೊನೆ ಬಂದರೆ ಮೊದಲು ದೇವರ ಮುಂದೆ. ನನ್ನ ಅಡ್ಮಿಷನ್ ಪತ್ರ ಬಂದಾಗಲೂ ಅಮ್ಮ ಅದನ್ನು ಓದುವ ಮೊದಲು ದೇವರ ಮುಂದೆ ಇಟ್ಟಿದ್ದಳು. ಶ್ರೀಗಂಧದ ವಾಸನೆ ಆ ಕೋಣೆಯ ಊದುಬತ್ತಿ ವಾಸನೆಯ ಜೊತೆ ಸೇರಿಕೊಂಡಿತು. ನಾನು ಅವರ ಹಿಂದೆ ಕೂತು ಕೈ ಮುಗಿದೆ. ಯಾರೂ ಮುಗಿ ಅನ್ನಲಿಲ್ಲ.

ಆಮೇಲೆ ಚಹಾ, ಮಾತು, ಫೋಟೋ ಆಲ್ಬಮ್ ಎಲ್ಲ ಇರುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಮಾರನೇ ದಿನ ತೈಫೂ ಬರುವುದಿತ್ತು.

ಜಪಾನಿನಲ್ಲಿ ಚಂಡಮಾರುತಗಳಿಗೆ ವರ್ಷಕ್ಕೆ ಒಂದರಿಂದ ನಂಬರು ಕೊಡುತ್ತಾ ಹೋಗುತ್ತಾರೆ. ಇದು 24ನೆಯದು. 21ನೆಯದು ಸೆಪ್ಟೆಂಬರ್ 4ರಂದು ಬಂದು ಹೋಗಿತ್ತು. ಸಮುದ್ರದ ಮೇಲೆ ದ್ವೀಪ ಕಟ್ಟಿ ಮಾಡಿದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತ್ತು, ಗಾಳಿಗೆ ಹಡಗೊಂದು ಕೊಚ್ಚಿ ಬಂದು ಅಲ್ಲಿಗೆ ಹೋಗುವ ಸೇತುವೆಗೇ ಗುದ್ದಿತ್ತು. ನಾನು ಬಂದಿಳಿಯುವ ಹೊತ್ತಿಗೆ ಆ ಸೇತುವೆಯ ಮೇಲೆ ರೈಲು ಮತ್ತೆ ಶುರುವಾಗಿ ಹತ್ತೇ ದಿನ ಆಗಿತ್ತು. ಕ್ಯೋಟೋದಲ್ಲೂ ಮರಗಳು ಉರುಳಿ, ಇವರ ಮನೆ ಹತ್ತಿರ ಹಾದುಹೋಗುವ ಏಜಾನ್ ರೈಲು ಕುರಾಮಾ ಕಡೆಗೆ ಇನ್ನೂ ಪೂರ್ತಿ ಓಡುತ್ತಿರಲಿಲ್ಲ. ಹಾಗಾಗಿ ಬೀದಿಯಲ್ಲಿ ಎಲ್ಲರ ಮುಖದಲ್ಲೂ ಅದೇ. ಎದುರು ಮನೆಯವರು ಸೈಕಲ್‌ಗಳನ್ನು ಮಲಗಿಸಿ ಹಗ್ಗ ಕಟ್ಟುತ್ತಿದ್ದರು. ಆಗ ಸಣ್ಣಗೆ ಮಳೆ ಹನಿಯುತ್ತಿತ್ತು ಅಷ್ಟೇ.

ಒಕಾಸಾನ್ ನನ್ನ ಮುಖ ನೋಡಿದರು. ಸುಸ್ತಾಗಿದೆಯಾ, ಮಲಗುತ್ತೀಯಾ ಅಂದರು. ಇಲ್ಲ ಅಂದೆ. ಹಾಗಾದರೆ ಬಾ ಅಂತ ಒಂದು ಹೂಕುಂಡ ಎತ್ತಿ ನನ್ನ ಕೈಗೆ ಕೊಟ್ಟೇಬಿಟ್ಟರು.

ಇಪ್ಪತ್ತಮೂರು ಕುಂಡ. ನಾನು ಎಣಿಸಿದೆ. ಮೂವರೂ ಸೇರಿ ಒಂದೊಂದಾಗಿ ಒಳಗೆ ತಂದು ಗೆಂಕನ್‌ನಲ್ಲಿ ಸಾಲಾಗಿ ಇಟ್ಟೆವು. ಬಟ್ಟೆ ಒಣಗಿಸುವ ಕೋಲು ಇಳಿಸಿ ನೆಲದಲ್ಲಿಟ್ಟೆವು. ಕಿಟಕಿಗಳ ಹೊರಗಿನ ತಗಡಿನ ಬಾಗಿಲುಗಳನ್ನು, ಅಮಾದೋ ಅಂತಾರೆ ಅದಕ್ಕೆ, ಒತೋಸಾನ್ ಎಳೆದು ನೋಡಿದರು, ಒಂದು ಸಿಕ್ಕಿಕೊಂಡಿತ್ತು, ನಾನು ಕೆಳಗಿನಿಂದ ಎತ್ತಿ ಹಿಡಿದೆ, ಅವರು ಮೇಲಿನಿಂದ ತಳ್ಳಿದರು, ಬಂತು. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿದ್ದ ಭಯವೆಲ್ಲಾ, ಹೇಗೆ ಕೂರಬೇಕು, ಎಷ್ಟು ಬಗ್ಗಬೇಕು, ಯಾವ ಕ್ರಿಯಾಪದಕ್ಕೆ ಯಾವ ಗೌರವದ ರೂಪ ಅನ್ನುವುದೆಲ್ಲಾ, ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೈ ತುಂಬಾ ಮಣ್ಣಾಗಿತ್ತು. ನಮ್ಮ ಮನೆಯಲ್ಲೂ ಮೇ ಕೊನೆಗೆ ಇದೇ ಕೆಲಸ. ಜಗಲಿಗೆ ಇರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು, ಸೌದೆ ಒಳಗೆ ಹಾಕುವುದು. ಮಳೆಗಾಲಕ್ಕೆ ತಯಾರಿ ಮಾಡುವಾಗ ಮನೆಯಲ್ಲಿ ಯಾರಿದ್ದರೂ ಕೈ ಹಾಕಬೇಕು, ನೆಂಟರಾದರೂ ಸರಿ.

ಒತೋಸಾನ್ ಕೇಳಿದರು, ನಿನ್ನ ಊರಲ್ಲಿ ಮಳೆ ಬರುತ್ತಾ. ಆಗುಂಬೆಯ ಬಗ್ಗೆ ಹೇಳಿದೆ, ನಮ್ಮೂರಿನಿಂದ ದೂರವಿಲ್ಲ, ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ. ಕ್ಯೋಟೋದಲ್ಲಿ ಸುಮಾರು 1,500. ಅವರು ನಂಬರು ತಪ್ಪು ಹೇಳಿದೆ ಅಂದುಕೊಂಡು ಸೊನ್ನೆಗಳನ್ನು ಕೈಯಲ್ಲಿ ಬರೆಸಿ ನೋಡಿದರು. ಆ ವರ್ಷವೇ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಊರು ಊರೇ ಮಣ್ಣಾಗಿದ್ದನ್ನೂ ಹೇಳಿದೆ. ನನ್ನ ರೂಮ್‌ಮೇಟ್ ಮಡಿಕೇರಿಯವಳು, ಅವಳ ದೊಡ್ಡಪ್ಪನ ಮನೆ ಹೋಗಿತ್ತು. ಅದನ್ನು ಹೇಳುವಾಗ ನನ್ನ ಜಪಾನೀಸ್ ಪೂರ್ತಿ ಮುರಿದುಬಿತ್ತು. ಅವರು ಅವಸರ ಮಾಡಲಿಲ್ಲ, ಕುಂಡ ಕೆಳಗಿಟ್ಟು ನಿಂತು ಕೇಳಿದರು.

ಆಗಲೇ ಆದದ್ದು ಇದು. ಬಚ್ಚಲು ಮನೆಯಿಂದ ನೀರು ಬೀಳುವ ಸದ್ದು. ಅಲ್ಲಿ ತೊಟ್ಟಿಯ ಹೊರಗೆ ಕೂತು ಮೈ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಬೇಕು. ಅದೇ ನೀರಿನಲ್ಲಿ ಮನೆಯವರೆಲ್ಲಾ ಒಬ್ಬರಾದ ಮೇಲೊಬ್ಬರು. ಹಾಗಾಗಿ ತೊಟ್ಟಿಯ ನೀರು ಖಾಲಿ ಮಾಡಬಾರದು. ಈ ಸಲ ಇನ್ನೊಂದು ಕಾರಣವೂ ಇತ್ತು, ತೈಫೂಗೆ ನಲ್ಲಿಯಲ್ಲಿ ನೀರು ಬರುವುದು ನಿಂತರೆ ಟಾಯ್ಲೆಟ್ಟಿಗೆ ಬೇಕಾಗುತ್ತದೆ. ಒಕಾಸಾನ್ ಹೊರಬಂದು ಹೇಳಿದರು, "ಒಫುರೋ, ಇರೆತೆ ಒಇತಾ ಯೊ."

ಈ "ತೆ ಒಕು" ಅನ್ನುವುದನ್ನು ನಾನು ಬೆಂಗಳೂರಿನ ಕ್ಲಾಸಿನಲ್ಲಿ ಮೂರು ವಾರ ಒದ್ದಾಡಿ ಕಲಿತಿದ್ದೆ. ಪುಸ್ತಕ ಇಂಗ್ಲಿಷಿನದ್ದು. ಮುಂದಿನ ಉಪಯೋಗಕ್ಕಾಗಿ ಮೊದಲೇ ಮಾಡಿದ ಕೆಲಸ ಅಂತ ಅರ್ಧ ಪುಟ ವಿವರಣೆ, ಅದರ ಕೆಳಗೆ ಹತ್ತು ವಾಕ್ಯ. ಆವತ್ತು ಒಕಾಸಾನ್ ಹೇಳಿದ್ದು ನನ್ನ ಕಿವಿಗೆ ಸೀದಾ ಬಿತ್ತು. ನೀರು ತುಂಬಿಸಿಟ್ಟಿದ್ದೀನಿ ಕಣೇ. ಅಷ್ಟೇ. ಇರೆತೆ ಅಂದರೆ ತುಂಬಿಸಿ, ಒಇತಾ ಅಂದರೆ ಇಟ್ಟೆ. ತುಂಬಿಸಿ ಇಟ್ಟೆ. ಅಮ್ಮ ದಿನಕ್ಕೆ ಹತ್ತು ಸಲ ಹೇಳುವ ಮಾತು, ಮಾಡಿಟ್ಟಿದ್ದೀನಿ, ಮುಚ್ಚಿಟ್ಟಿದ್ದೀನಿ, ತೆಗೆದಿಟ್ಟಿದ್ದೀನಿ. ಎರಡು ವರ್ಷ ನನ್ನ ಮತ್ತು ಈ ಭಾಷೆಯ ಮಧ್ಯೆ ಇಂಗ್ಲಿಷ್ ಕೂತಿತ್ತು, ಎದ್ದು ಹೋಯಿತು.

ಅದಾದ ಮೇಲೆ ನಾನು ಎಲ್ಲ ಮಾತನ್ನೂ ಹಾಗೇ ಕೇಳತೊಡಗಿದೆ. ಊಟಕ್ಕೆ ಕೂತಾಗ ಒಕಾಸಾನ್ "ತಬೆತೆ ಮಿತೆ" ಅಂದರು. ತಿಂದು ನೋಡು. ನಾವೂ ತಿಂದು ನೋಡು ಅಂತೀವಿ, ಹಾಕಿ ನೋಡು ಅಂತೀವಿ, ಕೇಳಿ ನೋಡು ಅಂತೀವಿ. ನೋಡುವುದು ಕಣ್ಣಿನ ಕೆಲಸ ಅಲ್ಲ ಇಲ್ಲಿ, ಎರಡೂ ಭಾಷೆಯಲ್ಲಿ. ಒತೋಸಾನ್ ಮಾತು ಮುಗಿಸುವಾಗ "ನೇ" ಅನ್ನುತ್ತಿದ್ದರು, ಅದು ನಮ್ಮ "ಅಲ್ವಾ". ಕ್ಯೋಟೋದವರ ಆಡುಮಾತು ಬೇರೆ, ಪುಸ್ತಕದಲ್ಲಿ ವಕರನಾಯ್ ಅಂದರೆ ಅವರು ವಕರಹೆನ್ ಅನ್ನುತ್ತಾರೆ. ಗೊತ್ತಾಗಲ್ಲ ಅಂತ ಅರ್ಥ. ನಮ್ಮ ಕಡೆಯ ಹುಡುಗಿ ಹುಬ್ಬಳ್ಳಿಗೆ ಹೋಗಿ ಗೊತ್ತಾಗಂಗಿಲ್ಲ ಅನ್ನುವುದನ್ನು ಮೊದಲ ಸಲ ಕೇಳಿದ ಹಾಗೆ.

ಭಾಷೆ ಭಾಷೆಯ ನಡುವೆ ನಂಟು ಹುಡುಕಲು ಹೊರಟಿಲ್ಲ ನಾನು, ಅದು ನನ್ನ ಓದಿನ ವಿಷಯವೂ ಅಲ್ಲ. ವಾಕ್ಯದ ಕೊನೆಗೆ ಕ್ರಿಯಾಪದ ಬರುವ ಭಾಷೆಗಳು ಎಷ್ಟೋ ಇವೆ. ನಾನು ಹೇಳುತ್ತಿರುವುದು ಇಷ್ಟೇ, ಮನೆಯೊಳಗಿನ ಮಾತಿಗೆ ನನಗೆ ಮನೆಯ ಮಾತೇ ದಾರಿಯಾಯಿತು. ಜಪಾನೀಸ್ ಕಲಿಯುವ ಕನ್ನಡದ ಹುಡುಗರು ಸಿಕ್ಕರೆ ಈಗಲೂ ಇದನ್ನೇ ಹೇಳುತ್ತೇನೆ. ನೋಟ್ಸಿನಲ್ಲಿ ಅರ್ಥ ಬರೆದುಕೊಳ್ಳುವಾಗ ಒಮ್ಮೆ ಕನ್ನಡದಲ್ಲಿ ಬರೆದುಕೊಳ್ಳಿ.

ಊಟದ ವಿಷಯಕ್ಕೆ ಬರುತ್ತೇನೆ. ನಾನು ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದೆ. ಜಪಾನಿನಲ್ಲಿ ಇದು ಸುಲಭವಲ್ಲ, ಯಾಕೆಂದರೆ ಸಾರಿಗೆಲ್ಲಾ ಬುಡ ದಾಶಿ, ಆ ದಾಶಿಯನ್ನು ಸಾಮಾನ್ಯವಾಗಿ ಒಣಗಿಸಿದ ಕತ್ಸುಓ ಮೀನಿನ ಚೂರು ಹಾಕಿ ಮಾಡುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಒಕಾಸಾನ್ ಹಿಂದಿನ ರಾತ್ರಿಯೇ ಕೊಂಬು ಅನ್ನುವ ಸಮುದ್ರದ ಪಾಚಿಯನ್ನು ನೀರಿನಲ್ಲಿ ನೆನೆಸಿಟ್ಟಿದ್ದರು. ಪಾತ್ರೆ ತಂದು ತೋರಿಸಿದರು. ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ ಇರುವ ಕಪ್ಪು ಪಟ್ಟಿ, ನೀರು ಕುಡಿದು ಹಸಿರಾಗಿ ಅಗಲವಾಗಿ ತೇಲುತ್ತಿತ್ತು. ಅದರಲ್ಲೇ ಮಿಸೋ ಸಾರು, ಮಿಸೋ ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ. ಕ್ಯೋಟೋದ ಗುಂಡು ಬದನೆಕಾಯಿ, ಕಮೋನಾಸು, ಅರ್ಧ ಹೋಳು ಮಾಡಿ ಸುಟ್ಟು ಮೇಲೆ ಸಿಹಿ ಮಿಸೋ ಸವರಿದ್ದು. ಅನ್ನ. ಸೋಯಾ ಹಾಲಿನಿಂದ ಮಾಡಿದ, ಪನೀರಿನಂಥ ತಣ್ಣಗಿನ ತೋಫು, ಮೇಲೆ ತುರಿದ ಶುಂಠಿ, ಅದರ ಮೇಲೆ ಕಂದು ಬಣ್ಣದ ಒಂದು ರಸ.

ಮೂರನೇ ತುತ್ತಿಗೆ ಒಕಾಸಾನ್ ತಟ್ಟನೆ ಎದ್ದರು. ಆ ರಸದ ಬಾಟಲಿ ತಂದು, ಕನ್ನಡಕ ಹಣೆಗೆ ಏರಿಸಿ, ಲೇಬಲ್ಲಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಓದತೊಡಗಿದರು. ಬೆರಳು ಒಂದು ಕಡೆ ನಿಂತಿತು. ಕತ್ಸುಓ.

ಅವರ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಎರಡು ಕೈಯಲ್ಲಿ ನನ್ನ ತಟ್ಟೆ ಎಳೆದುಕೊಂಡರು, ಕ್ಷಮಿಸು, ಕ್ಷಮಿಸು ಅಂತ ಹೇಳುತ್ತಲೇ ಇದ್ದರು. ಸೋಯಾ ಸಾಸ್ ಅಂದುಕೊಂಡು ಪಕ್ಕದ ಬಾಟಲಿ ತೆಗೆದಿದ್ದರು. ನನ್ನ ಹೊಟ್ಟೆಯಲ್ಲಿ ಒಂದು ಥರ ಆಯಿತು, ಇಲ್ಲ ಅನ್ನುವುದಿಲ್ಲ. ಹುಟ್ಟಿದಾಗಿನಿಂದ ತಿಂದಿರದ ವಸ್ತು. ಆದರೆ ಅದಕ್ಕಿಂತ ಜಾಸ್ತಿ ಸಂಕಟ ಆದದ್ದು ಅವರನ್ನು ನೋಡಿ. ಹಿಂದಿನ ರಾತ್ರಿಯಿಂದ ಕೊಂಬು ನೆನೆಸಿಟ್ಟವರು. ಅಜ್ಜಿ ಹೇಳುತ್ತಿದ್ದಳು, ಅರಿಯದೆ ಆದದ್ದಕ್ಕೆ ಪಾಪ ಇಲ್ಲ ಅಂತ. ಅದನ್ನೇ ಹೇಳಲು ನೋಡಿದೆ. ಪಾಪಕ್ಕೆ ಜಪಾನೀಸ್ ಪದ ನೆನಪಾಗಲಿಲ್ಲ. "ಶಿರಾನಕತ್ತ ಕರಾ, ದಾಯ್‌ಜೋಬು" ಅಂದೆ. ಗೊತ್ತಿರಲಿಲ್ಲವಲ್ಲ, ಪರವಾಗಿಲ್ಲ.

ಅವರು ಮಾರ್ಕರ್ ತಂದರು. ಅಂಚೆ ಡಬ್ಬಿಯ ಮೇಲೆ ನನ್ನ ಹೆಸರು ಬರೆದ ಅದೇ ಮಾರ್ಕರ್ ಇರಬೇಕು. ಬಾಟಲಿಯ ಮುಚ್ಚಳದ ಮೇಲೆ ದೊಡ್ಡದಾಗಿ ಕಾಟು ಹೊಡೆದರು. ಆಮೇಲೆ ಫ್ರಿಜ್ ತೆಗೆದು ಒಂದೊಂದೇ ಬಾಟಲಿ ಓದಿ, ಇನ್ನೂ ನಾಲ್ಕಕ್ಕೆ. ಆ ವರ್ಷ ಪೂರ್ತಿ ಆ ಮನೆಗೆ ಬಂದ ಪ್ರತಿ ಬಾಟಲಿಗೂ ಹಾಗೇ ಮಾಡಿದರು.

ಏಳೂವರೆಗೆ ಅಮ್ಮನ ಫೋನು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಊರಲ್ಲಿ ಆಗ ನಾಲ್ಕು ಗಂಟೆ. ವಿಡಿಯೋದಲ್ಲಿ ಅಮ್ಮ ಜಗಲಿ ಮೇಲೆ ಕೂತಿದ್ದಳು, ಹಿಂದೆ ಅಪ್ಪ ಅತ್ತಿಂದಿತ್ತ ಓಡಾಡುತ್ತಾ. ಊಟ ಆಯ್ತಾ ಅಂದಳು. ಆಯ್ತು ಅಂದೆ. ತೋಫುವಿನ ವಿಷಯ ಹೇಳಲಿಲ್ಲ. ಅವರಿಗೆ ಕೊಡು ಫೋನು ಅಂದಳು.

ನಾನು ಗಾಬರಿಯಾದೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಒಕಾಸಾನ್‌ಗೆ ಜಪಾನೀಸ್ ಬಿಟ್ಟು ಬಾರದು. ಕೊಟ್ಟೆ. ಅಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಒಕಾಸಾನ್ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, ಕುರ್ಚಿಯಿಂದ ಇಳಿದು ನೆಲದ ಮೇಲೆ ಮಂಡಿಯೂರಿ ಕೂತು ಬಗ್ಗಿದರು. ಅಮ್ಮ ಹೇಳಿದಳು, "ನೋಡಿ ಅಮ್ಮಾ, ಅವಳಿಗೆ ಏನೂ ಗೊತ್ತಾಗಲ್ಲ. ನಿಮ್ಮ ಮಗಳು ಅಂದ್ಕೊಳ್ಳಿ. ತಪ್ಪು ಮಾಡಿದ್ರೆ ಬೈದು ಹೇಳಿ. ನಿಮ್ಮ ಮಡಿಲಿಗೆ ಹಾಕಿದೀನಿ."

ಜಪಾನೀಸ್‌ನಲ್ಲಿ ಒಂದು ಮಾತಿದೆ, ಯೊರೊಶಿಕು ಒನೆಗಾಯ್‌ಶಿಮಾಸ್. ಹೊಸಬರ ಪರಿಚಯವಾದಾಗ, ಕೆಲಸ ಒಪ್ಪಿಸುವಾಗ, ಎಲ್ಲೆಲ್ಲೂ ಹೇಳುತ್ತಾರೆ. ಅನುವಾದ ಮಾಡಲು ಬರುವುದಿಲ್ಲ, ಸುಮ್ನೆ ಬಾಯಿಪಾಠ ಮಾಡಿ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಅಮ್ಮನ ನಾಲ್ಕು ವಾಕ್ಯವನ್ನು ಒಕಾಸಾನ್‌ಗೆ ಹೇಳಬೇಕಾದಾಗ ನನ್ನ ಬಾಯಿಂದ ತಾನಾಗಿ ಬಂದದ್ದು ಅದೊಂದೇ ಮಾತು. ಅಮ್ಮ ಯೊರೊಶಿಕು ಅಂತಿದ್ದಾಳೆ. ಒಕಾಸಾನ್ ಕಣ್ಣು ಒರೆಸಿಕೊಂಡರು. ಅವರಿಗೆ ನಾನು ಹೇಳುವ ಮೊದಲೇ ತಿಳಿದಿತ್ತು ಅನಿಸುತ್ತದೆ. ಅವರೂ ಒಬ್ಬ ಮಗಳನ್ನು ಬೇರೆ ಊರಿಗೆ ಕಳಿಸಿದವರು.

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟಿವಿಯಲ್ಲಿ ತೈಫೂವಿನ ನಕ್ಷೆ, ಬಿಳಿ ವೃತ್ತಗಳು ಒಕಿನಾವಾ ಕಡೆಯಿಂದ ಮೇಲೆ ಬರುತ್ತಾ. (ಮಾರನೇ ದಿನ ಮಧ್ಯಾಹ್ನದಿಂದ ಜೆಆರ್, ಅಂದರೆ ಜಪಾನ್ ರೈಲ್ವೆಯ, ರೈಲುಗಳು ನಿಂತವು, ವಿಮಾನ ನಿಲ್ದಾಣ ಮುಚ್ಚಿತು, ರಾತ್ರಿಯೆಲ್ಲಾ ಅಮಾದೋ ಬಡಿದುಕೊಳ್ಳುತ್ತಿತ್ತು. ನಮ್ಮ ಗಲ್ಲಿಗೆ ಏನೂ ಆಗಲಿಲ್ಲ.) ಒಕಾಸಾನ್‌ಗೆ ಏನೋ ನೆನಪಾಗಿ ಅಡುಗೆಮನೆಯಿಂದ ಒಂದು ರಟ್ಟಿನ ಫೈಲು ತಂದರು. ಕಾಯ್ರಾನ್‌ಬಾನ್. ಬೀದಿಯ ಸುದ್ದಿಯ ಕಾಗದ ಹಾಕಿದ ಫೈಲು, ಒಂದು ಮನೆಯವರು ಓದಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಡಬೇಕು. ನಾಳೆ ಹೊರಗೆ ಹೋಗಲು ಆಗಲ್ಲ, ಇವತ್ತೇ ಪಕ್ಕದ ಮನೆ ಅಜ್ಜಿಗೆ ಕೊಟ್ಟು ಬರ್ತೀಯಾ ಅಂದರು. ನನಗೆ. ಆ ಮನೆಗೆ ಬಂದು ಆರು ಗಂಟೆಯೂ ಆಗಿರಲಿಲ್ಲ.

ಕುಂಡಗಳ ನಡುವೆ ಜಾಗ ಮಾಡಿಕೊಂಡು ಶೂಗೆ ಕಾಲು ತೂರಿಸಿದೆ. ತಿರುಗಿಸಿಟ್ಟಿದ್ದರಿಂದ ಸೀದಾ ಹೋಯಿತು. ಹೊರಡುವಾಗ ಹೇಳಬೇಕಾದ ಮಾತು ಗೊತ್ತಿತ್ತು. ಇತ್ತೆಕಿಮಾಸ್. ಪುಸ್ತಕದಲ್ಲಿ ಅದಕ್ಕೆ, ನಾನು ಹೊರಟೆ, ಅಂತ ಅರ್ಥ ಕೊಟ್ಟಿದ್ದರು. ಬಾಯಿಂದ ಹೊರಟ ಮೇಲೆ ಅದರ ಒಳಗಿನದು ಕೇಳಿಸಿತು. ಇತ್ತೆ, ಹೋಗಿ. ಕಿಮಾಸ್, ಬರ್ತೀನಿ.

ಚಿಕ್ಕವಳಿದ್ದಾಗ ಶಾಲೆಗೆ ಹೊರಟು "ಅಜ್ಜೀ, ಹೋಗ್ತೀನಿ" ಅಂದರೆ ಅಜ್ಜಿ ಒಳಗಿಂದ ಓಡಿ ಬರುತ್ತಿದ್ದಳು. ಬಿಡ್ತು ಅನ್ನು, ಬಿಡ್ತು ಅನ್ನು. ಹೋಗ್ತೀನಿ ಅನ್ಬಾರ್ದು, ಹೋಗಿ ಬರ್ತೀನಿ ಅನ್ನು. ನಾಲ್ಕು ದಿನದ ಹಿಂದೆ ನಮ್ಮೂರಿನ ಬಸ್ ಸ್ಟಾಪಿನಲ್ಲಿ ನಾನು ಕೊನೆಗೆ ಹೇಳಿ ಬಂದ ಮಾತೂ ಅದೇ.

"ಇತ್ತೆರಶ್ಶಾಯ್" ಅಂದರು ಒಕಾಸಾನ್, ಬಾಗಿಲಲ್ಲಿ ನಿಂತು. ಹೋಗಿ ಬಾ.

ಮೂವತ್ತು ಹೆಜ್ಜೆ ಇರಬಹುದು ಪಕ್ಕದ ಮನೆಗೆ. ಮಳೆ ಜೋರಾಗಿತ್ತು, ಫೈಲನ್ನು ಜಾಕೆಟ್ಟಿನ ಒಳಗಿಟ್ಟುಕೊಂಡೆ. ಅಜ್ಜಿ ಬಾಗಿಲು ತೆಗೆದು ನನ್ನ ಮುಖ ನೋಡಿ, ಫೈಲು ನೋಡಿ, "ಓಕಿನಿ" ಅಂದರು, ಕ್ಯೋಟೋದ ಹಳೇ ಥ್ಯಾಂಕ್ಸ್. ಬ್ಯಾಟರಿ ಇದೆಯಾ ಅಂತ ಕೇಳು ಅಂದಿದ್ದರು ಒಕಾಸಾನ್, ಕೇಳಿದೆ. ಇದೆಯಂತೆ. ವಾಪಸ್ ಓಡಿ ಬಂದೆ. ಬಾಗಿಲು ತೆಗೆದು, ಉಸಿರು ಹಿಡಿದು, "ತದಾಯ್ಮಾ" ಅಂದೆ. ಬಂದೆ ಅಂತ.

ಟಿವಿ ಕೋಣೆಯಿಂದ ಒತೋಸಾನ್ ದನಿ, ಅಡುಗೆಮನೆಯಿಂದ ಒಕಾಸಾನ್ ದನಿ, ಎರಡೂ ಒಟ್ಟಿಗೇ. ಒಕಾಯೆರಿ. ಬಂದ್ಯಾ ಅಂತ.

ಶೂ ಬಿಚ್ಚಿದೆ. ಬಗ್ಗಿ, ಬಾಗಿಲ ಕಡೆಗೆ ತಿರುಗಿಸಿ ಇಟ್ಟೆ. ತಲೆ ಒರೆಸಿಕೊಳ್ಳಲು ಟವೆಲ್ ಹಿಡಿದು ಒಕಾಸಾನ್ ಬಂದರು. ನೆಂದಿದ್ದೀಯ, ಸ್ನಾನಕ್ಕೆ ಮೊದಲು ನೀನು ಹೋಗು, ನೀರು ಬಿಸಿ ಮಾಡಿಟ್ಟಿದ್ದೀನಿ ಅಂದರು.